ಭೂಮಿಯನ್ನು ಬಿಚ್ಚಿ ಸಾಗಿಸಲು ಒಂದು ಎಸ್ಟಿಮೇಟ್

ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ನಾನು ರೈಟರ್ ಕೆಲಸ ಮಾಡುತ್ತೇನೆ. ಆಳುಗಳ ಹಾಜರಿ, ಚೆಕ್‌ರೋಲ್, ಗೊಬ್ಬರದ ದಾಸ್ತಾನು, ಮೂಟೆಗಳ ತೂಕ, ವಾರದ ಬಟವಾಡೆ, ಇವುಗಳಲ್ಲೇ ನನ್ನ ದಿನ ಮುಗಿಯುತ್ತದೆ. ಹಾಸನದಲ್ಲಿ ಬಿ.ಎಸ್ಸಿ. ಓದುವಾಗ ಕಲಿತ ಭೌತಶಾಸ್ತ್ರ ಈ ಕೆಲಸಕ್ಕೆ ನೇರವಾಗಿ ಎಂದೂ ಬಳಕೆಗೆ ಬಂದಿಲ್ಲ. ಆದರೆ ಮಳೆಗಾಲದ ಸಂಜೆಗಳಲ್ಲಿ ಕರೆಂಟು ಹೋದಾಗ, ಹಳೆಯ ಚೆಕ್‌ರೋಲ್ ಪುಸ್ತಕಗಳ ಹಿಂಬದಿಯ ಖಾಲಿ ಹಾಳೆಗಳಲ್ಲಿ ಏನಾದರೊಂದು ಲೆಕ್ಕ ಹಾಕುತ್ತಾ ಕೂರುವ ಚಾಳಿ ಮಾತ್ರ ಬಿಟ್ಟಿಲ್ಲ. ಈ ಬರಹ ಅಂಥ ಒಂದು ಲೆಕ್ಕದ್ದು: ಇಡೀ ಭೂಮಿಯನ್ನು ತುಂಡು ತುಂಡಾಗಿ ಬಿಚ್ಚಿ, ಆ ತುಂಡುಗಳು ಮತ್ತೆಂದೂ ಒಂದಾಗದಂತೆ ದೂರ ಸಾಗಿಸಲು ಎಷ್ಟು ಶಕ್ತಿ ಬೇಕು?

ಇದು ತಲೆಗೆ ಹೊಕ್ಕಿದ್ದು ಕಣದ ಕೆಲಸದಿಂದ. ಕಾಫಿ ಒಣಗಿಸುವ ನಮ್ಮ ಕಣ ಗುಡ್ಡದ ಬುಡಕ್ಕೆ ತಾಗಿಕೊಂಡಿದೆ. ದರೆಯನ್ನು ಕಡಿದು ಹಿಂದಕ್ಕೆ ಸರಿಸದೆ ಅದನ್ನು ದೊಡ್ಡದು ಮಾಡುವಂತಿರಲಿಲ್ಲ. ಕಳೆದ ಬೇಸಿಗೆಯಲ್ಲಿ ಜೆಸಿಬಿ ತರಿಸಿದೆವು. ಅದು ಮೂರೇ ದಿನಗಳಲ್ಲಿ ದರೆಯನ್ನು ಕಡಿದು ಹಾಕಿತು. ಕಡಿದ ಮಣ್ಣನ್ನು ಸಾಗಿಸಲು ಟಿಪ್ಪರ್ ಹನ್ನೊಂದು ದಿನ ಓಡಿತು. ಹನ್ನೊಂದನೆಯ ದಿನ ಬಾಡಿಗೆಯ ಮೊತ್ತ ಕಂಡು ನನಗೇ ಗಾಬರಿಯಾಗಿ, ಉಳಿದ ಮಣ್ಣನ್ನು ಸಾಗಿಸುವುದು ಬೇಡ, ದರೆಯ ತಲೆಯ ಮೇಲೇ ಒಟ್ಟಿಬಿಡಿ ಎಂದು ಹೇಳಿದೆ. ಟಿಪ್ಪರಿನವನು ಬೀಡಿ ಆರಿಸುತ್ತಾ, "ರೈಟ್ರೇ, ಮಣ್ಣು ಅಗಿಯೋದು ಯಾವ ಲೆಕ್ಕ? ಅಗ್ದಿದ್ದನ್ನ ವಾಪಸ್ ಬರ್ದಂಗೆ ಎಲ್ಲಿಗೆ ಹಾಕ್ತೀರ ಅನ್ನೋದೇ ಲೆಕ್ಕ" ಎಂದಿದ್ದ. ಆರಿದ್ರಾ ಮಳೆ ಹಿಡಿದ ಮೂರನೆಯ ರಾತ್ರಿ, ನಾನು ಒಟ್ಟಿಸಿದ್ದ ಮಣ್ಣೆಲ್ಲ ಕೆಸರಾಗಿ ಜಾರಿ, ಹೊಸ ಕಣದ ಅರ್ಧಕ್ಕೆ ಮೊಳಕಾಲುದ್ದ ಬಂದು ಕೂತಿತು.

ಗ್ರಹವೊಂದನ್ನು ಬಿಚ್ಚುವ ವಿಚಾರವೂ ಅಕ್ಷರಶಃ ಇದೇ. ಭೂಮಿಯನ್ನು ಸೀಳುವುದು, ಪುಡಿ ಮಾಡುವುದು, ಕೊನೆಗೆ ಕರಗಿಸುವುದು ಕೂಡ ತುಲನೆಯಲ್ಲಿ ಅಗ್ಗದ ಕೆಲಸಗಳು. ಕಲ್ಲು ಕ್ವಾರಿಯಲ್ಲಿ ಒಂದು ಘನ ಮೀಟರ್ ಬಂಡೆಯನ್ನು ಸಿಡಿಸಲು ಅರ್ಧ ಕಿಲೋ ಆಸುಪಾಸಿನ ಸಿಡಿಮದ್ದು ಸಾಕಾಗುತ್ತದೆ. ಆ ಒಂದು ಘನ ಮೀಟರಿನ ತೂಕ ಎರಡೂವರೆ ಟನ್ನಿಗೂ ಹೆಚ್ಚು. ಹಾಗಾಗಿ ಒಂದು ಕಿಲೋ ಕಲ್ಲನ್ನು ಒಡೆಯಲು ತಗಲುವುದು ಕೆಲವು ನೂರು ಜೂಲ್ ಮಾತ್ರ. ಅದೇ ಒಂದು ಕಿಲೋ ಕಲ್ಲನ್ನು ಕಾಯಿಸಿ ಕರಗಿಸಿಬಿಡುತ್ತೇವೆಂದರೂ ಎರಡು ಮೆಗಾಜೂಲ್, ಅಂದರೆ 20 ಲಕ್ಷ ಜೂಲ್ ಒಳಗೆ ಮುಗಿಯುತ್ತದೆ. ಆದರೆ ಅದೇ ಕಲ್ಲನ್ನು ಭೂಮಿಯ ಮೇಲ್ಮೈಯಿಂದ ಎತ್ತಿ, ಅದು ಎಂದಿಗೂ ಹಿಂದಿರುಗದಷ್ಟು ದೂರಕ್ಕೆ ಒಯ್ಯಲು 62.6 ಮೆಗಾಜೂಲ್ ಬೇಕು. ಭೂಮಿಯ ತೂಕ ಮತ್ತು ತ್ರಿಜ್ಯಗಳಿಂದ ನೇರವಾಗಿ ಸಿಗುವ ಅಂಕಿ ಇದು. ಸೆಕೆಂಡಿಗೆ 11.2 ಕಿ.ಮೀ. ವೇಗದಲ್ಲಿ ಎಸೆದ ವಸ್ತು ಭೂಮಿಯನ್ನು ಬಿಟ್ಟು ಹೋಗುತ್ತದೆ ಎಂದು ಶಾಲೆಯ ಪಠ್ಯದಲ್ಲಿ ಓದುತ್ತೇವಲ್ಲ, ಆ ವೇಗದಲ್ಲಿ ಅಡಗಿರುವ ಶಕ್ತಿಯೂ ಇದೇ.

62.6 ಮೆಗಾಜೂಲ್ ಎಂದರೆ ಕಣ್ಣಿಗೆ ಏನೂ ಕಟ್ಟುವುದಿಲ್ಲವಾದ್ದರಿಂದ ಅದನ್ನು ಕರೆಂಟ್ ಬಿಲ್ಲಿನ ಭಾಷೆಗೆ ತಿರುಗಿಸಿದೆ. ಒಂದು ಯೂನಿಟ್ ಎಂದರೆ 3.6 ಮೆಗಾಜೂಲ್. ಆದ್ದರಿಂದ ಕಿಲೋಗೆ 17.4 ಯೂನಿಟ್. ನಮ್ಮ ಗೋದಾಮಿನಲ್ಲಿರುವ 50 ಕಿಲೋ ಕಾಫಿ ಮೂಟೆಯೊಂದನ್ನು ಭೂಮಿಯಿಂದ ಆಚೆಗೆ ಕಳಿಸಲು, ಎಲ್ಲೂ ಸೋರಿಕೆಯಿಲ್ಲ ಎಂದು ಹಿಡಿದರೂ, 870 ಯೂನಿಟ್. ಯೂನಿಟ್ಟಿಗೆ ಏಳು ರೂಪಾಯಿ ಎಂದಿಟ್ಟುಕೊಂಡರೆ ಸುಮಾರು ಆರು ಸಾವಿರ ರೂಪಾಯಿ. ಇಷ್ಟೇನಾ ಎನಿಸುತ್ತದೆ, ನಿಜ. ಅದೇ ಮೂಟೆಯನ್ನು ಸಮುದ್ರಮಟ್ಟದಿಂದ ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಗೆ ಏರಿಸಲು ಕಾಲು ಯೂನಿಟ್ಟಿಗಿಂತ ತುಸು ಹೆಚ್ಚು ಸಾಕು. ಕರ್ನಾಟಕದ ಅತಿ ಎತ್ತರದ ಶಿಖರವನ್ನು ಒಂದರ ಮೇಲೊಂದರಂತೆ ಮೂರು ಸಾವಿರದ ಮುನ್ನೂರು ಬಾರಿ ಹತ್ತಿದ ಶ್ರಮ, ಭೂಮಿಯನ್ನು ಒಂದು ಬಾರಿ ಬಿಟ್ಟುಹೋಗುವ ಶ್ರಮಕ್ಕೆ ಸಮ. ಮಲೆನಾಡಿನವರಿಗೆ ಚೆನ್ನಾಗಿ ಗೊತ್ತಿರುವ ಇನ್ನೊಂದು ಅಳತೆಯೆಂದರೆ ಶರಾವತಿ. 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರದ ಹತ್ತೂ ಯಂತ್ರಗಳು ಪೂರ್ತಿಯಾಗಿ ತಿರುಗುತ್ತಿವೆ ಎಂದು ಭಾವಿಸಿದರೆ, ಒಂದು ಟನ್ ಮಣ್ಣನ್ನು ಭೂಮಿಯಿಂದ ಬಿಡಿಸಲು ಅದಕ್ಕೆ ಸರಿಯಾಗಿ ಒಂದು ನಿಮಿಷ ಬೇಕು. ಹತ್ತು ಟನ್ನಿನ ಟಿಪ್ಪರ್ ಲೋಡಿಗೆ ಹತ್ತು ನಿಮಿಷ.

ಇಲ್ಲಿಯವರೆಗೆ ಸರಿಯಾಗಿಯೇ ಬಂದಿದ್ದೆ. ಇಲ್ಲಿಂದ ಮುಂದೆ ತಪ್ಪಿದೆ. ಕಿಲೋಗೆ ಇಷ್ಟು ಎಂದು ಗೊತ್ತಾದ ಮೇಲೆ ಇನ್ನೇನು, ಭೂಮಿಯ ಒಟ್ಟು ತೂಕದಿಂದ ಗುಣಿಸಿದರಾಯಿತು ಎಂದುಕೊಂಡೆ. ಭೂಮಿಯ ತೂಕ 5.97 × 10²⁴ ಕಿಲೋ. ಗುಣಿಸಿದಾಗ 3.74 × 10³² ಜೂಲ್ ಬಂದಿತು. ಆ ಅಂಕಿಯ ಕೆಳಗೆ ಎರಡು ಗೆರೆ ಎಳೆದು ಮಲಗಿಯೂಬಿಟ್ಟೆ. ಬೆಳಿಗ್ಗೆ ಆಳುಗಳ ಹಾಜರಿ ಕೂಗುತ್ತಿರುವಾಗ ತಪ್ಪು ಹೊಳೆಯಿತು. ಕೆಲಸ ಅರ್ಧ ಮುಗಿದ ಮೇಲೆ ನಾನು ಮಣ್ಣು ಎತ್ತುತ್ತಿರುವುದು ಈಗಿನ ಭೂಮಿಯಿಂದಲ್ಲವಲ್ಲ! ಅಷ್ಟು ಹೊತ್ತಿಗೆ ಅದು ಸಣ್ಣ ಭೂಮಿ, ಅದರ ಸೆಳೆತವೂ ಸಣ್ಣದು. ಎಲ್ಲ ಕಿಲೋಗಳಿಗೂ ಮೊದಲ ಕಿಲೋದ ದರವನ್ನೇ ಹಾಕಿದ್ದು ನನ್ನ ತಪ್ಪಾಗಿತ್ತು.

ಬಾವಿ ತೋಡಿಸಿದವರಿಗೆ ಇದು ವಿಚಿತ್ರವೆನಿಸಬಹುದು. ಬಾವಿ ಕೆಲಸದಲ್ಲಿ ಆಳ ಹೋದಷ್ಟೂ ಅಡಿಯ ದರ ಏರುತ್ತದೆ. ಮೊದಲ ಹತ್ತು ಅಡಿಗೆ ಒಂದು ಮಾತು, ಅದರಾಚೆಗೆ ಇನ್ನೊಂದು ಮಾತು, ನೀರಿನ ಸೆಲೆ ಸಿಕ್ಕ ಮೇಲೆ ಅವರು ಹೇಳಿದ್ದೇ ದರ. ಬುಟ್ಟಿಯ ಮಣ್ಣನ್ನು ರಾಟೆಯಲ್ಲಿ ಹೆಚ್ಚು ಹೆಚ್ಚು ಎತ್ತರಕ್ಕೆ ಎಳೆಯಬೇಕಾಗುವುದೇ ಅದಕ್ಕೆ ಕಾರಣ. ಭೂಮಿಯನ್ನು ಈರುಳ್ಳಿಯ ಹಾಗೆ ಪದರ ಪದರವಾಗಿ ಸುಲಿಯುತ್ತಾ ಹೋದರೆ ಇದಕ್ಕೆ ತೀರ ತಿರುಗುಮುರುಗು. ಮೇಲಿನ ಪದರ ಅತಿ ದುಬಾರಿ, ಒಳಗೆ ಹೋದಂತೆ ಅಗ್ಗ. ಭೂಮಿಯ ಸಾಂದ್ರತೆ ಎಲ್ಲೆಡೆ ಒಂದೇ ಎಂದು ಸದ್ಯಕ್ಕೆ ಒಪ್ಪಿಕೊಂಡರೆ, ಒಂದು ಕಿಲೋವನ್ನು ಬಿಡಿಸುವ ಖರ್ಚು ಉಳಿದ ಗೋಳದ ತ್ರಿಜ್ಯದ ವರ್ಗದಂತೆ ಇಳಿಯುತ್ತದೆ. ತ್ರಿಜ್ಯ ಅರ್ಧಕ್ಕೆ ಬಂದಾಗ ಕಿಲೋ ಖರ್ಚು ಕಾಲು ಭಾಗ. ತ್ರಿಜ್ಯ ಹತ್ತರಲ್ಲೊಂದು ಪಾಲಿಗೆ ಬಂದಾಗ ನೂರರಲ್ಲೊಂದು ಪಾಲು. ಕೊನೆಯಲ್ಲಿ ಒಂದು ಕಿಲೋಮೀಟರ್ ತ್ರಿಜ್ಯದ ಗುಂಡೊಂದು ಉಳಿಯಿತು ಎನ್ನಿ. ಅದರ ಮೇಲಿಂದ ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ಹೊರಟ ಯಾವ ವಸ್ತುವೂ ಮರಳಿ ಬಾರದು. ಅಲ್ಲಿ ನಿಂತವನು ಕಲ್ಲನ್ನು ಕೈಯಿಂದ ಎಸೆದರೂ ಅದು ಹೋಗಿಯೇ ಹೋಗುತ್ತದೆ. ಅವನೇ ಜೋರಾಗಿ ಜಿಗಿದರೆ ಅವನೂ ಹೋಗುತ್ತಾನೆ.

ಈ ಎಲ್ಲ ಪದರಗಳ ಖರ್ಚನ್ನು ಕೂಡಿಸಿದಾಗ, ನಾನು ಮೊದಲು ಬರೆದ ಮೊತ್ತದ ಐದರಲ್ಲಿ ಮೂರು ಪಾಲು ಸಿಗುತ್ತದೆ: 2.24 × 10³² ಜೂಲ್. ಕಾಲೇಜಿನಲ್ಲಿ ಸಮಾಕಲನ ಮಾಡಿ ಈ ಐದರಲ್ಲಿ ಮೂರನ್ನು ಪಡೆದದ್ದು ನೆನಪಿತ್ತು, ಅದು ಯಾಕೆ ಬಂತು ಎಂಬುದು ಮರೆತಿತ್ತು. ಇದರೊಳಗಿನ ಹಂಚಿಕೆ ಇನ್ನೂ ಸೊಗಸಾಗಿದೆ. ತ್ರಿಜ್ಯ ಅರ್ಧವಾಗುವ ಹೊತ್ತಿಗೆ ಭೂಮಿಯ ಎಂಟರಲ್ಲಿ ಏಳು ಪಾಲು ಹೊರಗೆ ಹೋಗಿರುತ್ತದೆ, ಆದರೆ ಬಿಲ್ಲಿನ ಮೂವತ್ತೆರಡರಲ್ಲಿ ಮೂವತ್ತೊಂದು ಪಾಲು ಪಾವತಿಯಾಗಿರುತ್ತದೆ. ಉಳಿದ ಎಂಟನೇ ಒಂದು ಪಾಲು ಭೂಮಿ, ಅಂಗಡಿಯವನು ಕೊಸರು ಹಾಕಿದ ಹಾಗೆ, ಹೆಚ್ಚು ಕಡಿಮೆ ಪುಕ್ಕಟೆ. ಕಂಟ್ರಾಕ್ಟು ಹಿಡಿಯುವವನು ಪದರದ ಲೆಕ್ಕದಲ್ಲಿ ಮಾತಾಡಿಕೊಳ್ಳದೆ ಸರಾಸರಿ ದರಕ್ಕೆ ಒಪ್ಪಿದರೆ ಮೊದಲ ವರ್ಷವೇ ಮನೆ ಮಾರಿಕೊಳ್ಳುತ್ತಾನೆ.

ಆದರೆ ನಿಜವಾದ ಭೂಮಿಯ ಸಾಂದ್ರತೆ ಎಲ್ಲೆಡೆ ಒಂದೇ ಆಗಿಲ್ಲ. ಒಳಗೆ ಕಬ್ಬಿಣದ ತಿರುಳಿದೆ. ಅದರ ತ್ರಿಜ್ಯ ಸುಮಾರು 3,480 ಕಿ.ಮೀ., ಅಂದರೆ ಭೂಮಿಯ ತ್ರಿಜ್ಯದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ತೂಕ ಮಾತ್ರ ಭೂಮಿಯ ಮೂರನೇ ಒಂದು ಪಾಲಿನ ಹತ್ತಿರ. ಭಾರವಾದದ್ದೆಲ್ಲ ನಡುವೆ ಕೂತಿರುವುದರಿಂದ ಇಡೀ ಗೋಳ ಇನ್ನಷ್ಟು ಬಿಗಿಯಾಗಿ ಕಟ್ಟಿಕೊಂಡಿದೆ. ಮೇಲಿನ ಕಲ್ಲಿನ ಕವಚವನ್ನೆಲ್ಲ ಸುಲಿದ ಮೇಲೆ, ತಿರುಳು ಹಿಗ್ಗುವುದಿಲ್ಲ ಎಂದು ಭಾವಿಸಿದರೆ, ಅದರ ಮೇಲಿನ ಒಂದು ಕಿಲೋ ಕಬ್ಬಿಣವನ್ನು ಬಿಡಿಸಲು 37 ಮೆಗಾಜೂಲ್ ಬೇಕಾಗುತ್ತದೆ. ಒಂದೇ ಸಾಂದ್ರತೆಯ ಲೆಕ್ಕದಲ್ಲಿ ಅದೇ ಆಳದಲ್ಲಿ 19 ಸಾಕು ಎಂದಿತ್ತು. ನಾನು ಕೊಸರು ಎಂದು ಬರೆದ ಭಾಗ ಅಷ್ಟೊಂದು ಕೊಸರಲ್ಲ ಎಂದಾಯಿತು. ಭೂಕಂಪದ ಅಲೆಗಳಿಂದ ತಿಳಿದ ಒಳಗಿನ ಸಾಂದ್ರತೆಗಳನ್ನು ಪದರಪದರವಾಗಿ ಸೇರಿಸಿ ಮಾಡಿದ ಲೆಕ್ಕದಲ್ಲಿ ಭೂಮಿಯ ಬಂಧನ ಶಕ್ತಿ, ಅಂದರೆ ಅದನ್ನು ಪೂರ್ತಿ ಬಿಚ್ಚಲು ಬೇಕಾದ ಒಟ್ಟು ಶಕ್ತಿ, ಸುಮಾರು 2.49 × 10³² ಜೂಲ್. ನನ್ನ ಸರಳ ಲೆಕ್ಕಕ್ಕಿಂತ ಶೇಕಡಾ ಹತ್ತಕ್ಕೂ ಮೀರಿ ಹೆಚ್ಚು. ಇದನ್ನೇ ಅಂತಿಮ ಎಸ್ಟಿಮೇಟ್ ಎಂದು ಹಿಡಿಯುತ್ತೇನೆ.

ಕಬ್ಬಿಣದ ಮಾತು ಬಂದಾಗ ನಮ್ಮ ಜಿಲ್ಲೆಯವರಿಗೆ ಕುದುರೆಮುಖ ನೆನಪಾಗದೆ ಇರದು. 1976ರಲ್ಲಿ ಸ್ಥಾಪನೆಯಾದ ಕಂಪನಿ 2005ರ ಕೊನೆಯವರೆಗೂ ಅಲ್ಲಿ ಅದಿರು ತೆಗೆಯಿತು. ಅರೆದ ಅದಿರನ್ನು ನೀರಿನಲ್ಲಿ ಕಲಸಿ, ಘಟ್ಟದ ಇಳಿಜಾರಿನಲ್ಲಿ ಸುಮಾರು 67 ಕಿ.ಮೀ. ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಇಳಿಸುತ್ತಿದ್ದರು. ಅಲ್ಲಿ ಗುರುತ್ವ ಕೆಲಸಗಾರರ ಪರವಾಗಿತ್ತು. ನನ್ನ ಎಸ್ಟಿಮೇಟಿನಲ್ಲಿ ಅದೊಂದೇ ಎದುರಾಳಿ. ಇನ್ನೊಂದು ದೃಷ್ಟಿಯಿಂದ ನೋಡಿದರೆ, ಇಷ್ಟು ವರ್ಷಗಳ ಗಣಿಗಾರಿಕೆ ಭೂಮಿಯನ್ನು ಬಿಚ್ಚುವ ಕೆಲಸದಲ್ಲಿ ಒಂದು ಹೆಜ್ಜೆಯೂ ಮುಂದೆ ಹೋಗಿಲ್ಲ. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಹತ್ತನೇ ಶತಮಾನದ ಕೊನೆಯ ಭಾಗದಲ್ಲಿ ಚಾವುಂಡರಾಯನು ಮಾಡಿಸಿದ 57 ಅಡಿ ಎತ್ತರದ ಗೊಮ್ಮಟನ ಸುತ್ತಲಿನಿಂದ ಎಷ್ಟು ಬಂಡೆ ಕೆತ್ತಿ ಹಾಕಿರಬೇಡ! ಆ ಚಕ್ಕೆಗಳೆಲ್ಲ ಭೂಮಿಯ ಮೇಲೇ ಎಲ್ಲೋ ಬಿದ್ದಿವೆ. ಚಾಣ, ಸುತ್ತಿಗೆ, ಜೆಸಿಬಿ, ಸಿಡಿಮದ್ದು, ಇವೆಲ್ಲ ಮಾಡುವುದು ಮಣ್ಣಿನ ಜಾಗ ಬದಲಿಸುವ ಕೆಲಸವನ್ನಷ್ಟೇ.

ಹಾಗಾದರೆ ಉಪಗ್ರಹಗಳು? ಅವುಗಳಾದರೂ ಭೂಮಿಯನ್ನು ಬಿಟ್ಟವು ಎನ್ನಬಹುದೆ? ಹಾಸನದಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಇದೆ. ಕಾಲೇಜಿಗೆ ಹೋಗುವಾಗ ಅದರ ದೊಡ್ಡ ಆಂಟೆನಾಗಳನ್ನು ಎಷ್ಟೋ ಸಲ ನೋಡಿದ್ದೇನೆ. ಭೂಸ್ಥಿರ ಕಕ್ಷೆಯ ನಮ್ಮ ಉಪಗ್ರಹಗಳನ್ನು 35,786 ಕಿ.ಮೀ. ಎತ್ತರಕ್ಕೆ ಏರಿಸಿ, ಅಲ್ಲಿ ಅವು ಅಲುಗದಂತೆ ನೋಡಿಕೊಳ್ಳುವ ಕೆಲಸ ಅಲ್ಲಿ ನಡೆಯುತ್ತದೆ. ಅಷ್ಟು ದೂರದಲ್ಲಿ ಸುತ್ತುತ್ತಿರುವ ಉಪಗ್ರಹದ ಪ್ರತಿ ಕಿಲೋ ತನ್ನ 62.6 ಮೆಗಾಜೂಲ್ ಸಾಲದಲ್ಲಿ ಸುಮಾರು 58ನ್ನು ತೀರಿಸಿದೆ. ನೂರಕ್ಕೆ ತೊಂಬತ್ತೆರಡು ಪಾವತಿಯಾದರೂ ಖಾತೆ ಮುಗಿದಿಲ್ಲ, ಅದು ಇನ್ನೂ ಭೂಮಿಯದೇ. ಇದಕ್ಕೂ ಪಟ್ಟ ಪಾಡನ್ನು ನೋಡಬೇಕು. 2023ರ ಜುಲೈ 14ರಂದು ಚಂದ್ರಯಾನ-3ನ್ನು ಹೊತ್ತು ಹೊರಟ ರಾಕೆಟ್ಟಿನ ತೂಕ ಸುಮಾರು 640 ಟನ್. ಅದು ಕಕ್ಷೆಗೆ ಸೇರಿಸಿದ್ದು 3.9 ಟನ್. ನನ್ನ ಲೆಕ್ಕದಲ್ಲಿ ಸೋರಿಕೆಯಿಲ್ಲ ಎಂದು ಹಿಡಿದದ್ದು ಎಷ್ಟು ದೊಡ್ಡ ರಿಯಾಯಿತಿ ಎಂಬುದಕ್ಕೆ ಇಷ್ಟು ಸಾಕು.

ಈಗ ಒಟ್ಟು ಮೊತ್ತದ ಗಾತ್ರ. ಶರಾವತಿಯಿಂದ ಆಗದು: 7,000 ಲಕ್ಷ ಕೋಟಿ ವರ್ಷಗಳಿಗೂ ಹೆಚ್ಚು ಕಾಲ ಬೇಕು. ಇಡೀ ಜಗತ್ತು ಒಂದು ವರ್ಷದಲ್ಲಿ ಬಳಸುವ ಎಲ್ಲ ಬಗೆಯ ಇಂಧನವನ್ನೂ ಸೇರಿಸಿದರೆ ಸುಮಾರು 6 × 10²⁰ ಜೂಲ್. ಅದನ್ನು ಪೂರ್ತಿ ಇದಕ್ಕೇ ಮೀಸಲಿಟ್ಟರೂ 40,000 ಕೋಟಿ ವರ್ಷ, ವಿಶ್ವದ ಈವರೆಗಿನ ಆಯುಸ್ಸಿನ ಸುಮಾರು ಮೂವತ್ತು ಪಟ್ಟು. ಮನುಷ್ಯ ಸಿಡಿಸಿದ ಅತಿ ದೊಡ್ಡ ಬಾಂಬ್ ಎಂದರೆ 1961ರ ಅಕ್ಟೋಬರ್ 30ರಂದು ಸೋವಿಯತ್ ಒಕ್ಕೂಟ ಪರೀಕ್ಷಿಸಿದ 50 ಮೆಗಾಟನ್ನಿನದು. ಅಂಥ ಬಾಂಬುಗಳು ಸಾವಿರದ ಇನ್ನೂರು ಲಕ್ಷ ಕೋಟಿ ಬೇಕು. ಸೂರ್ಯನ ಬಳಿಗೆ ಹೋದಾಗ ಮಾತ್ರ ಸಮಾಧಾನವಾಗುತ್ತದೆ. ಸೂರ್ಯ ಎಲ್ಲ ದಿಕ್ಕಿಗೂ ಚೆಲ್ಲುವ ಬೆಳಕನ್ನು ಒಂದು ಹನಿ ಬಿಡದೆ ಹಿಡಿದರೆ ಏಳೂವರೆ ದಿನದಲ್ಲಿ ಈ ಮೊತ್ತ ಕೂಡಿಬರುತ್ತದೆ. ಒಂದು ಬಟವಾಡೆಯಿಂದ ಇನ್ನೊಂದು ಬಟವಾಡೆಯ ನಡುವಿನ ಅವಧಿ! ಆದರೆ ಆ ಬೆಳಕಿನಲ್ಲಿ ನಮ್ಮ ಭೂಮಿಯ ಮೇಲೆ ಬೀಳುವ ಪಾಲನ್ನು ಮಾತ್ರ ಕೂಡಿಡುತ್ತಾ ಹೋದರೆ ನಾಲ್ಕೂವರೆ ಕೋಟಿ ವರ್ಷ ಕಾಯಬೇಕು. ಸೂರ್ಯನ ಎದುರು ನಾವು ಎಷ್ಟು ಸಣ್ಣ ಚುಕ್ಕೆ ಎಂಬುದೂ ಇದರಲ್ಲೇ ಗೊತ್ತಾಗುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಬೆರಗು ಹುಟ್ಟಿಸಿದ್ದು ಸರಾಸರಿಯ ಅಂಕಿ. 2.49 × 10³²ನ್ನು ಭೂಮಿಯ ತೂಕದಿಂದ ಭಾಗಿಸಿದರೆ ಕಿಲೋಗೆ ಸುಮಾರು 42 ಮೆಗಾಜೂಲ್. ಟಿಎನ್‌ಟಿ ಎಂಬ ಸಿಡಿಮದ್ದು ಕಿಲೋಗೆ ಕೊಡುವುದು 4.2 ಮೆಗಾಜೂಲ್. ಅಂದರೆ ಭೂಮಿ ಮೇಲಿಂದ ತಿರುಳಿನವರೆಗೆ ಬರೀ ಟಿಎನ್‌ಟಿಯಿಂದಲೇ ಮಾಡಿದ್ದಾಗಿದ್ದು, ಯಾರೋ ಪುಣ್ಯಾತ್ಮರು ಅದಕ್ಕೆ ಬೆಂಕಿ ಇಟ್ಟರೂ ಭೂಮಿ ಚದುರಿ ಹೋಗುತ್ತಿರಲಿಲ್ಲ. ಬೇಕಾದ ಶಕ್ತಿಯ ಹತ್ತರಲ್ಲೊಂದು ಪಾಲು ಮಾತ್ರ ಅದರಲ್ಲಿದೆ. ಭಯಂಕರವಾಗಿ ಉಬ್ಬಿ, ಕುದಿದು, ಅಲ್ಲಲ್ಲಿ ಸಿಡಿದು, ಕೊನೆಗೆ ನಮ್ಮ ಕಣಕ್ಕೆ ಮಣ್ಣು ಮರಳಿ ಬಂದ ಹಾಗೆ ಮರಳಿ ಕೂಡಿಕೊಳ್ಳುತ್ತಿತ್ತು. ಜಲಜನಕ ಮತ್ತು ಆಮ್ಲಜನಕದ ಮಿಶ್ರಣ ರಾಕೆಟ್ಟುಗಳಿಗೆ ಹಾಕುವ ಅತ್ಯಂತ ಬಲಿಷ್ಠ ಇಂಧನಗಳಲ್ಲೊಂದು. ಅದರ ಶಕ್ತಿಯೂ ಕಿಲೋಗೆ 16 ಮೆಗಾಜೂಲ್ ದಾಟದು. ಅಣು ಅಣುಗಳ ನಡುವಿನ ನಂಟನ್ನು ಬದಲಿಸಿ ಪಡೆಯುವ ಯಾವ ಬೆಂಕಿಗೂ ಇಷ್ಟು ದೊಡ್ಡ ಗೋಳದ ಕಟ್ಟನ್ನು ಬಿಡಿಸುವ ತಾಕತ್ತಿಲ್ಲ. ಚಂದ್ರನ ಮಟ್ಟಿಗೆ ಈ ಮಾತು ನಿಲ್ಲುವುದಿಲ್ಲ. ಚಂದ್ರನ ಸರಾಸರಿ ಕಿಲೋಗೆ 1.7 ಮೆಗಾಜೂಲ್ ಅಷ್ಟೇ, ಆದ್ದರಿಂದ ಟಿಎನ್‌ಟಿಯ ಚಂದ್ರ ತನ್ನನ್ನು ತಾನೇ ಚದುರಿಸಿಕೊಳ್ಳಬಲ್ಲ.

ಇನ್ನೂ ಕೆಳಗಿಳಿದರೆ ಮನುಷ್ಯನ ಕೈಗೆಟಕುವ ಗಾತ್ರಗಳು ಸಿಗುತ್ತವೆ. ಮಂಗಳನ ಸುತ್ತ ತಿರುಗುವ ಫೋಬೋಸ್ ಎಂಬ ಆಲೂಗಡ್ಡೆಯಾಕಾರದ ಉಪಗ್ರಹದ ಸರಾಸರಿ ತ್ರಿಜ್ಯ 11 ಕಿ.ಮೀ. ಅದರ ಬಂಧನ ಶಕ್ತಿ ಲೆಕ್ಕ ಹಾಕಿದಾಗ 4 × 10¹⁷ ಜೂಲ್ ಬಂದಿತು. 1961ರ ಆ ಬಾಂಬಿನಂಥವು ಎರಡು. ಮಂಗಳನ ಸೆಳೆತವನ್ನು ಬದಿಗಿಟ್ಟರೆ ಫೋಬೋಸ್‌ನಿಂದ ಪಾರಾಗುವ ವೇಗ ಗಂಟೆಗೆ ಸುಮಾರು 40 ಕಿ.ಮೀ., ಚಾರ್ಮಾಡಿ ಘಾಟಿಯಲ್ಲಿ ಬಸ್ಸು ಹೋಗುವ ವೇಗ. ಇದಕ್ಕಿಂತಲೂ ಸಣ್ಣ ಕ್ಷುದ್ರಗ್ರಹಗಳಲ್ಲಿ ಲೆಕ್ಕದ ಸ್ವಭಾವವೇ ಬದಲಾಗುತ್ತದೆ; ಅಲ್ಲಿ ಕಲ್ಲಿನ ಸ್ವಂತ ಗಟ್ಟಿತನವೇ ಮುಖ್ಯ, ಗುರುತ್ವ ನಗಣ್ಯ, ಒಡೆದರೆ ಕೆಲಸ ಮುಗಿದಂತೆ. ಗಾತ್ರ ಕಿಲೋಮೀಟರುಗಳಿಗೆ ಏರಿದ ಮೇಲೆ ಒಡೆಯುವುದಕ್ಕಿಂತ ಸಾಗಿಸುವುದೇ ದೊಡ್ಡ ಖರ್ಚಾಗಿಬಿಡುತ್ತದೆ.

ಈ ಲೆಕ್ಕ ನನ್ನಂಥವರ ಕಾಲಕ್ಷೇಪಕ್ಕೆ ಹುಟ್ಟಿದ್ದಲ್ಲ ಎಂಬುದನ್ನೂ ಹೇಳಬೇಕು. ತಿರುಗಿಸಿ ಓದಿದರೆ ಇದು ಗ್ರಹ ಕಟ್ಟುವ ಲೆಕ್ಕ. ದೂರದಲ್ಲಿ ಚೆಲ್ಲಿಹೋಗಿದ್ದ ದೂಳು ಮತ್ತು ಬಂಡೆಗಳು ಒಂದರ ಮೇಲೊಂದು ಬಿದ್ದು ಭೂಮಿಯಾದಾಗ, ನಾವು ಈಗ ಕೊಡಬೇಕೆನ್ನುತ್ತಿರುವ ಮೊತ್ತವೇ ಶಾಖವಾಗಿ ಹೊರಬಂದಿತು. ಅದೆಲ್ಲವೂ ಒಳಗೇ ಉಳಿದಿದ್ದರೆ ಭೂಮಿಯ ಉಷ್ಣತೆ 40,000 ಡಿಗ್ರಿಯ ಸುಮಾರಿಗೆ, ಸೂರ್ಯನ ಮೇಲ್ಮೈಗಿಂತ ಏಳು ಪಟ್ಟು ಮೇಲೆ ಹೋಗಬೇಕಾಗಿತ್ತು. ಬಹುಪಾಲು ಆಗಲೇ ಆಕಾಶಕ್ಕೆ ಸೋರಿಹೋಯಿತು. ಉಳಿದದ್ದರ ಒಂದಂಶ, ವಿಕಿರಣಶೀಲ ಧಾತುಗಳ ಶಾಖದೊಂದಿಗೆ ಬೆರೆತು, ಇವತ್ತಿಗೂ ನೆಲದೊಳಗಿನಿಂದ ಹೊರಬರುತ್ತಲೇ ಇದೆ. ಹತ್ತೊಂಬತ್ತನೇ ಶತಮಾನದಲ್ಲಿ ಹೆಲ್ಮ್‌ಹೋಲ್ಟ್ಸ್ ಮತ್ತು ಕೆಲ್ವಿನ್ ಇದೇ ತರ್ಕವನ್ನು ಸೂರ್ಯನಿಗೆ ಹಚ್ಚಿದರು. ತನ್ನ ಭಾರಕ್ಕೆ ತಾನೇ ಕುಗ್ಗುತ್ತಾ ಸೂರ್ಯ ಉರಿಯುತ್ತಿದ್ದಾನೆ ಎಂಬುದು ಅವರ ಊಹೆ. ಐದರಲ್ಲಿ ಮೂರರ ಆ ಸೂತ್ರವನ್ನೇ ಹಿಡಿದು ನೀವೂ ಲೆಕ್ಕ ಹಾಕಿದರೆ, ಸೂರ್ಯನಿಗೆ ಸುಮಾರು ಎರಡು ಕೋಟಿ ವರ್ಷಗಳ ಆಯುಸ್ಸು ಬರುತ್ತದೆ. ಭೂವಿಜ್ಞಾನಿಗಳಿಗೆ ಅದು ಏನೇನೂ ಸಾಲದಾಗಿತ್ತು. ಹಾಸನ ಜಿಲ್ಲೆಯ ಗೊರೂರಿನ ಸುತ್ತಲಿನ ಶಿಲೆಗಳೇ 300 ಕೋಟಿ ವರ್ಷಕ್ಕೂ ಹಳೆಯವು ಎಂದು ನಮಗೆ ಈಗ ಗೊತ್ತು. ಲೆಕ್ಕದಲ್ಲಿ ತಪ್ಪಿರಲಿಲ್ಲ, ಸೂರ್ಯನೊಳಗೆ ಪರಮಾಣು ಬೀಜಗಳು ಬೆಸೆದು ಶಕ್ತಿ ಹುಟ್ಟುತ್ತದೆ ಎಂಬ ಇನ್ನೊಂದು ಆದಾಯದ ಬಾಬತ್ತು ಅವರ ಪುಸ್ತಕದಲ್ಲಿ ಇರಲಿಲ್ಲ.

ಭೂಮಿಯನ್ನು ಬಿಚ್ಚುವ ಪ್ರಯತ್ನವನ್ನು ಪ್ರಕೃತಿಯೂ ಒಮ್ಮೆ ಮಾಡಿ ನೋಡಿದೆ. ಸುಮಾರು 450 ಕೋಟಿ ವರ್ಷಗಳ ಹಿಂದೆ, ಎಳೆಯ ಭೂಮಿಗೆ ಮಂಗಳದಷ್ಟು ದೊಡ್ಡ ಕಾಯವೊಂದು ಬಡಿಯಿತೆಂದೂ, ಆಗ ಎರಚಿದ ದ್ರವ್ಯದಿಂದ ಚಂದ್ರ ಹುಟ್ಟಿದನೆಂದೂ ಬಹುತೇಕ ವಿಜ್ಞಾನಿಗಳು ನಂಬುತ್ತಾರೆ. ಮಂಗಳದ ತೂಕವನ್ನೂ ಸೆಕೆಂಡಿಗೆ ಒಂಬತ್ತು ಹತ್ತು ಕಿ.ಮೀ. ವೇಗವನ್ನೂ ಇಟ್ಟುಕೊಂಡು ಲೆಕ್ಕ ಹಾಕಿದರೆ, ಆ ಹೊಡೆತದ ಶಕ್ತಿ ನಮ್ಮ ಎಸ್ಟಿಮೇಟಿನ ಸುಮಾರು ಹತ್ತರಲ್ಲೊಂದು ಪಾಲು. ಆಕಸ್ಮಿಕವಾಗಿ ಟಿಎನ್‌ಟಿ ಭೂಮಿಯ ಪಾಲೂ ಅಷ್ಟೇ. ಫಲಿತಾಂಶವೂ ನಾವು ಊಹಿಸಿದಂತೆಯೇ ಆಯಿತು: ಭೂಮಿ ಕರಗಿತು, ಎರಚಿತು, ತನ್ನ ತೂಕದ ನೂರರಲ್ಲಿ ಒಂದಕ್ಕಿಂತ ಸ್ವಲ್ಪ ಹೆಚ್ಚನ್ನು ಚಂದ್ರನಾಗಿ ದೂರ ಇಟ್ಟಿತು, ಮಿಕ್ಕದ್ದನ್ನು ಮರಳಿ ಎಳೆದುಕೊಂಡಿತು.

ನಿಜವಾಗಿ ಇದನ್ನು ಮಾಡುವ ಬಗೆಯ ಕುರಿತು ಯೋಚಿಸಿದವರಲ್ಲಿ ಭೌತವಿಜ್ಞಾನಿ ಫ್ರೀಮನ್ ಡೈಸನ್ ಮುಖ್ಯರು. 1960ರ ಒಂದು ಪುಟ್ಟ ಲೇಖನದಲ್ಲಿ ಅವರು, ಗುರುವಿನಷ್ಟು ದೊಡ್ಡ ಗ್ರಹವನ್ನು ಬಿಚ್ಚಿ ಸೂರ್ಯನ ಸುತ್ತ ಮರುಜೋಡಿಸಲು ಸೂರ್ಯನ 800 ವರ್ಷಗಳ ಬೆಳಕಿನಷ್ಟು ಶಕ್ತಿ ಬೇಕೆಂದು ಬರೆದರು. ಗ್ರಹವನ್ನು ವಿದ್ಯುತ್ ಮೋಟಾರಿನ ಹಾಗೆ ಹೆಚ್ಚು ಹೆಚ್ಚು ವೇಗವಾಗಿ ತಿರುಗಿಸುವ ಉಪಾಯವನ್ನೂ ಮುಂದೆ ಸೂಚಿಸಿದರು. ಭೂಮಿಯ ಈಗಿನ ಗಾತ್ರದಲ್ಲಿ ದಿನದ ಅವಧಿ 84 ನಿಮಿಷಕ್ಕೆ ಇಳಿದರೆ ಸಮಭಾಜಕದ ಮೇಲಿನ ವಸ್ತುಗಳಿಗೆ ತೂಕವೇ ಇರುವುದಿಲ್ಲ, ಅಲ್ಲಿಂದ ಮಣ್ಣು ತಾನಾಗಿ ಕಳಚಿಕೊಳ್ಳುತ್ತದೆ. ಸಿಡಿಸುವುದಕ್ಕಿಂತ ಇದು ನನಗೆ ಹೆಚ್ಚು ಮರ್ಯಾದಸ್ಥ ವಿಧಾನವೆನಿಸಿತು. ಕವಣೆಯಲ್ಲಿ ಕಲ್ಲು ತಿರುಗಿಸಿ ಬಿಟ್ಟ ಹಾಗೆ. ಇನ್ನು ದ್ರವ್ಯವನ್ನೇ ಪೂರ್ತಿ ಶಕ್ತಿಯಾಗಿಸುವ ವಿದ್ಯೆ ಕೈಗೆ ಬಂದರೆ, ಸುಮಾರು 2.8 ಲಕ್ಷ ಕೋಟಿ ಟನ್ ದ್ರವ್ಯ ಸುಟ್ಟರಾಯಿತು. ಅಷ್ಟು ತೂಕದ ಕಲ್ಲನ್ನು ಚಿಕ್ಕಮಗಳೂರು ಜಿಲ್ಲೆಯ ಉದ್ದಗಲಕ್ಕೂ ಹರಡಿದರೆ 140 ಮೀಟರ್ ದಪ್ಪದ ಪದರವಾಗುತ್ತದೆ. ಇದಕ್ಕೊಂದು ಸೂಕ್ಷ್ಮವಾದ ಹಿಂಬದಿಯೂ ಇದೆ: ಬಿಡಿಬಿಡಿಯಾಗಿ ದೂರದಲ್ಲಿದ್ದಾಗ ಇದ್ದ ಒಟ್ಟು ತೂಕಕ್ಕಿಂತ, ಒಂದಾಗಿ ಕೂತಿರುವ ಭೂಮಿಯ ತೂಕ ಸರಿಯಾಗಿ ಅಷ್ಟು ಕಡಿಮೆ.

ಮಳೆ ಬಿಟ್ಟ ಮೇಲೆ ಅದೇ ಟಿಪ್ಪರಿನವನನ್ನು ಮತ್ತೆ ಕರೆಸಬೇಕಾಯಿತು. ಕಣಕ್ಕೆ ಜಾರಿದ್ದ ಮಣ್ಣನ್ನು ನೋಡಿ ಅವನು ಏನೂ ಹೇಳಲಿಲ್ಲ. ಹೇಳದೆ ಇದ್ದದ್ದೇ ನನಗೆ ಸಾಕಾಗಿತ್ತು. ಚಹಾ ಕುಡಿಯುವಾಗ ನಾನೇ ನನ್ನ ಎಸ್ಟಿಮೇಟಿನ ವಿಷಯ ತೆಗೆದೆ. ಅವನು ಗಂಭೀರವಾಗಿ ಕೇಳಿ, "ಒಟ್ಟು ಎಷ್ಟು ಲೋಡು?" ಎಂದ. ಹತ್ತು ಟನ್ನಿನ ಲೋಡಾದರೆ 60 ಲಕ್ಷ ಕೋಟಿ ಕೋಟಿ ಲೋಡು ಎಂದೆ. ಸ್ವಲ್ಪ ಹೊತ್ತು ಯೋಚಿಸಿ, "ಡೀಸೆಲ್ ಯಾರ್ದು ರೈಟ್ರೇ?" ಎಂದು ಕೇಳಿದ.

ಆ ರಾತ್ರಿ ಅದನ್ನೂ ಲೆಕ್ಕ ಹಾಕಿದೆ. ಒಂದು ಕಿಲೋ ಡೀಸೆಲ್ ಉರಿದರೆ ಸುಮಾರು 43 ಮೆಗಾಜೂಲ್. ಭೂಮಿಯ ಸರಾಸರಿ ಕಿಲೋಗೆ ಬೇಕಾದದ್ದು 42. ಅಂದರೆ ಒಂದು ಕಿಲೋ ಮಣ್ಣಿಗೆ ಒಂದು ಕಿಲೋ ಡೀಸೆಲ್; ಒಟ್ಟಾರೆ ಭೂಮಿಯಷ್ಟೇ ತೂಕದ ಡೀಸೆಲ್, ಅದನ್ನು ಉರಿಸಲು ಅದರ ಮೂರು ಪಟ್ಟಿಗೂ ಹೆಚ್ಚು ಆಮ್ಲಜನಕ. ಮಾರನೆಯ ದಿನ ಅವನಿಗೆ ಇದನ್ನು ಹೇಳಿದಾಗ, ಸದ್ಯಕ್ಕೆ ಕಣದ ಮಣ್ಣಿನ ಮಟ್ಟಿಗೆ ಡೀಸೆಲ್ ತೋಟದ್ದೇ ಎಂದು ಬರೆದುಕೊಡಿ ಎಂದ. ಬರೆದುಕೊಟ್ಟೆ. ಈ ಸಲ ಮಣ್ಣು ಹಳ್ಳದ ಆಚೆಗೆ ಹೋಯಿತು.